ತೆನೆಯ ಮೂರನೆಯ ಅರ್ಥ

ನಿಘಂಟಿನ ಕರಡಿನಲ್ಲಿ ‘ತೆನೆ’ ಎಂಬ ಪದಕ್ಕೆ ಬಂದಾಗ ಮುದಿ ಸಂಪಾದಕರ ಕೆಂಪು ಲೇಖನಿ ನಿಂತಿತು. ಪೈರಿನ ತೆನೆ, ಕೋಟೆಗೋಡೆಯ ತುದಿಯ ಹಲ್ಲುಸಾಲು, ಈ ಎರಡು ಅರ್ಥಗಳನ್ನು ಬರೆದವರು ಅವರೇ. ಕೆಳಗೆ ಯಾರೋ ಮೂರನೆಯದನ್ನು ಸೇರಿಸಿದ್ದರು: ಉಡುಪಿನ ಅಂಚನ್ನು ಕೋಟೆಯ ಹಲ್ಲುಗಳಂತೆ ಕತ್ತರಿಸಿ ಹೊಲಿದ ಅಲಂಕಾರ.

“ಇದಕ್ಕೆ ಆಧಾರ ಎಲ್ಲಿದೆಯಮ್ಮ?” ಎಂದು ಸಹಾಯಕಿಯನ್ನು ಕೇಳಿದರು. ಆ ಮೂರನೆಯ ಅರ್ಥ ಹೊಲಿಗೆ ಕೆಲಸ ಮಾಡುತ್ತಿದ್ದ ಅವರ ಹೆಂಡತಿಯ ಬಳಕೆಯದು. ಪುಸ್ತಕದಲ್ಲಿ ಅಚ್ಚಾಗದ ಅರ್ಥ ಬೇಡವೆಂದು ಆಕೆ ಬದುಕಿದ್ದಾಗಲೇ ತಳ್ಳಿಹಾಕಿದ್ದರು. ಆಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು; ನಿಯಮ ಮಾತ್ರ ಹಾಗೆಯೇ ಇತ್ತು.

“ಪುಸ್ತಕ ಇಲ್ಲ ಸಾರ್, ಚೀಟಿ ಇದೆ,” ಎಂದು ಸಹಾಯಕಿ ಅದನ್ನು ಮೇಜಿನ ಮೇಲಿಟ್ಟಳು. “ಹೋದ ವರ್ಷ ಮಗಳ ಫ್ರಾಕು ಹೊಲಿಸೋಕೆ ನಿಮ್ಮನೆಗೆ ಬಂದಿದ್ನಲ್ಲ, ಅಮ್ಮ ಹೇಳಿದ್ದನ್ನ ಅಲ್ಲೇ ಬರ್ಕೊಂಡೆ. ಒಂದಕ್ಷರ ತಿದ್ದಿಲ್ಲ.”

ಸಂಪಾದಕರು ಕನ್ನಡಕ ಸರಿಮಾಡಿಕೊಂಡು ಓದಿದರು: “ತೆನೆ ಸ್ವಲ್ಪ ಅಗಲ ಇರ್ಲಿ ಕಣೇ, ಇಲ್ದಿದ್ರೆ ಒಗೆದ ಮೇಲೆ ಮುದುರ್ಕೊಳ್ಳುತ್ತೆ. ನಮ್ಮನೆ ಪಂಡಿತರಿಗೆ ಮಾತ್ರ ಹೇಳ್ಬೇಡ. ಪುಸ್ತಕದಲ್ಲಿಲ್ಲ, ಹೊಲಿಗೆ ಬಿಚ್ಚು ಅಂತಾರೆ.”

ಆಕೆಯ ಮಾತು ಇನ್ನು ಈ ಕಿವಿಗೆ ಬೀಳುವುದಿಲ್ಲವೆಂದು ಅವರು ನಂಬಿದ್ದರು. ಭಗವಂತ ಅದನ್ನು ಈ ಹೆಣ್ಣುಮಗಳ ಕೈಯಲ್ಲಿ ಜೋಪಾನ ಮಾಡಿಸಿದ್ದ. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟರು.

“ಆಧಾರ ಅಂತ ಇಡೀ ಮಾತು ಹಾಕಮ್ಮ,” ಎಂದರು. “ನನ್ನನ್ನ ಆಡ್ಕೊಂಡಿದ್ದೂ ಇರ್ಲಿ.”