ಫೈನಲ್ ಪಂದ್ಯದ ಹಳದಿ ಕನ್ನಡಕ

ಮುಸ್ಸಂಜೆಯಲ್ಲಿ ಕ್ರೀಡಾಂಗಣದ ಗೇಟಿನ ನೂಕುನುಗ್ಗಲಿಗೆ ಸಿಕ್ಕಿ ಅಕ್ಕನ ಮಗಳ ಕೈ ತಪ್ಪಿಹೋಗಿದ್ದೇ ತಡ, ಚಿಕ್ಕಮ್ಮನ ಜೀವ ಬಾಯಿಗೆ ಬಂತು. ಈ ಫೈನಲ್ ಪಂದ್ಯಕ್ಕೆಂದೇ ಕೆಲವೇ ಕೆಲವು ತಯಾರಿಸಿದ್ದ ಹಳದಿ ಚೌಕಟ್ಟಿನ ಕಪ್ಪು ಕೂಲಿಂಗ್ ಗ್ಲಾಸನ್ನು ಹುಡುಗಿ ಹಟ ಹಿಡಿದು ಕೊಡಿಸಿಕೊಂಡಿದ್ದಳು. "ತೆಗೀಬೇಡ, ಎಲ್ಲಿದ್ರೂ ಗುರುತು ಸಿಗುತ್ತೆ" ಎಂದು ಚಿಕ್ಕಮ್ಮನೇ ಹೇಳಿದ್ದಳು. ಈಗ ಆ ಹಳದಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು.

ಕನ್ನಡಕ ಕಂಡಿತು, ಕಾವಲುಗಾರನ ಕೈಯಲ್ಲಿ. ಒಂದು ಗಾಜು ಪುಡಿಪುಡಿಯಾಗಿತ್ತು.

"ಮೆಟ್ಟಿಲ ಹತ್ರ ಜನರ ಕಾಲಡಿ ಬಿದ್ದಿತ್ತು ಕಣಮ್ಮಾ."

ಅಕ್ಕನಿಗೆ ಯಾವ ಮುಖ ತೋರಿಸಲಿ? "ಪುಟ್ಟೀ" ಎಂದು ಕೂಗುತ್ತಾ ಅವಳು ಮೆಟ್ಟಿಲ ಕಡೆ ಓಡಹೊರಟಳು.

ಹಿಂದಿನಿಂದ ಯಾರೋ ದುಪಟ್ಟಾ ಜಗ್ಗಿದರು. ಅತ್ತು ಅತ್ತು ಕೆಂಪಾದ ಪುಟ್ಟ ಮುಖ.

"ಎಲ್ಲಿ ಹೋಗಿದ್ದೆ ಚಿಕ್ಕಮ್ಮಾ? ಅದನ್ನ ಹಾಕ್ಕೊಂಡ್ರೆ ಬರೀ ಕತ್ತಲೆ. ನೀನು ಕಾಣ್ಸಲೇ ಇಲ್ಲ, ಅದಕ್ಕೇ ಬಿಸಾಕ್ಬಿಟ್ಟೆ."