ಅಳಿವೆಯಲ್ಲಿ ಹಿಂತಿರುಗುವ ರೆಕ್ಕೆಗಳು

"ಸುಲಕ್ಷಕ್ಕಾ, ನೀವು ಮಾಡಿಕೊಟ್ಟ ರೆಕ್ಕೆ ಇವತ್ತೂ ಅಳಿವೆ ಮೇಲೆ ನಿಂತ್ಕೊಂಡು ಹಿಂದೆ ನೋಡ್ತು. ಯಾರನ್ನ ಕಾಯ್ತದೆ ಇದು?" ಮೀನು ಮಾರುವ ಮುಕ್ತಾ ಹಾರಿ ಬಂದು ಸುಲಕ್ಷಾಳ ಅಂಗಳಕ್ಕಿಳಿದು ಬುಟ್ಟಿ ಇಟ್ಟಳು.

ಹೊನ್ನಾವರದಲ್ಲಿ ಇದು ಎಲ್ಲರಿಗೂ ರೂಢಿಯಾಗಿತ್ತು. ಬೆನ್ನಿಗೆ ರೆಕ್ಕೆ ಕಟ್ಟಿ ಶಾಲೆಗೆ, ಕಚೇರಿಗೆ, ಪೇಟೆಗೆ ಹಾರುವವರು ನದಿ ಕಡಲಿಗೆ ಸೇರುವಲ್ಲಿಗೆ ಬಂದರೆ ಸಾಕು, ರೆಕ್ಕೆ ತಾನಾಗಿಯೇ ನಿಧಾನವಾಗಿ, ಎಡಕ್ಕೆ ವಾಲಿ, ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಜನ ಅಷ್ಟರಲ್ಲಿ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಿದ್ದರು.

ಕಾರಣ ಗೊತ್ತಿದ್ದದ್ದು ರೆಕ್ಕೆ ಕಂಡುಹಿಡಿದ ಸುಲಕ್ಷಾಳಿಗೆ ಮಾತ್ರ. ಅದನ್ನು ಮೊದಲು ಕಟ್ಟಿಕೊಂಡವನು ಅವಳ ತಮ್ಮ ದಾಮು. ಅವನ ಮೈಯ ಚಲನೆ, ಅಭ್ಯಾಸಗಳಿಂದಲೇ ಎಲ್ಲ ರೆಕ್ಕೆಗಳೂ ಹಾರುವುದನ್ನು ಕಲಿತಿದ್ದವು. ಇಬ್ಬರೂ ನೀರಿನ ಮೇಲಿನ ಜೆಟ್‌ಸ್ಕೀ ಪಂದ್ಯಗಳಲ್ಲಿ ಜೊತೆಗೇ ಸ್ಪರ್ಧಿಸುತ್ತಿದ್ದರು. ಕಡಲಿಗೆ ನುಗ್ಗುವ ಮುಂಚೆ ಅವನು ಅಳಿವೆಯಲ್ಲಿ ತಿರುಗಿ, ಅಕ್ಕ ಬಂದಳೇ ಎಂದು ನೋಡುತ್ತಿದ್ದ; ಅವಳು ಕಂಡೊಡನೆ ಮುನ್ನುಗ್ಗುತ್ತಿದ್ದ. ಕೊನೆಯ ಪಂದ್ಯದಲ್ಲಿ ಎಂಜಿನ್ ಕೆಟ್ಟು ಅವಳು ದಡದಲ್ಲೇ ಉಳಿದಳು. ಒಬ್ಬನೇ ಹೋದ ದಾಮು ಮರಳಲಿಲ್ಲ. ಆಮೇಲೆ ಅವಳು ಅಳಿವೆಯ ಕಡೆ ಸುಳಿದಿರಲಿಲ್ಲ.

"ಒಂದ್ಸಲ ನನ್ನ ಹಿಂದೆ ಬಂದು ನೀವೇ ನೋಡಿ" ಎಂದು ಮುಕ್ತಾ ಹಟ ಹಿಡಿದಳು. ಸುಲಕ್ಷಾ ರೆಕ್ಕೆ ಕಟ್ಟಿಕೊಂಡಳು.

ಅಳಿವೆಯ ಮೇಲೆ ಮುಕ್ತಾಳ ರೆಕ್ಕೆ ಎಂದಿನಂತೆ ನಿಧಾನವಾಯಿತು, ವಾಲಿತು, ತಿರುಗಿತು. ಸುಲಕ್ಷಾಳನ್ನು ಕಂಡು ಸಣ್ಣಗೆ ನಡುಗಿತು. ಸುತ್ತ ಹಾರುತ್ತಿದ್ದವರ ರೆಕ್ಕೆಗಳೂ ಒಂದೊಂದಾಗಿ ಅವಳತ್ತ ತಿರುಗಿದವು.

"ಅಕ್ಕಾ, ಇದು ನನ್ನ ಮಾತು ಕೇಳ್ತಿಲ್ಲ!" ಮುಕ್ತಾ ಕೂಗಿದಳು.

ಮರುಕ್ಷಣ ಶಾಲೆಯ ಮಕ್ಕಳು, ಗುಮಾಸ್ತರು, ಮೀನಿನವರು ಎಲ್ಲರನ್ನೂ ಹೊತ್ತು ಊರಿನ ರೆಕ್ಕೆಗಳೆಲ್ಲ ಪಂದ್ಯದ ವೇಗದಲ್ಲಿ ಕಡಲಿಗೆ ನುಗ್ಗಿದವು.