ಪೂಜೆಯ ನಡುವೆ ಕಡಿದ ಕರೆ

ಹೂವಿನ ಬುಟ್ಟಿ ಸರಿಸುವ ನೆಪದಲ್ಲಿ ಬಂಡು ಆಚಾರ್ಯರು ಮೊಬೈಲಿನ ಕೆಂಪು ಗುಂಡಿಯನ್ನು ಒತ್ತಿಬಿಟ್ಟರು. ಕಮಲಾಪುರದಲ್ಲಿ ಕೂತು ವಿಡಿಯೋ ಕರೆಯಲ್ಲಿ ಮಂತ್ರ ಹೇಳುತ್ತಿದ್ದ ತಮ್ಮ ಅತುಲನ ಮುಖ ಮಾಯವಾಯಿತು.

"ನೆಟ್ ಹೋತ್ರೀ," ಎಂದರು, ಮನೆಯೊಡತಿ ಸಾವಿತ್ರೀಬಾಯಿಗೆ. ಕಲಬುರಗಿಯ ಈ ಮನೆಯ ಸತ್ಯನಾರಾಯಣ ಪೂಜೆ ಇಪ್ಪತ್ತು ವರ್ಷದಿಂದ ಅವರದೇ. ಆದರೆ ಅತುಲನ ಮಂತ್ರದ ವಿಡಿಯೋಗಳಿಗೆ ಊರೆಲ್ಲ ಮರುಳಾದ ಮೇಲೆ ಸಾವಿತ್ರೀಬಾಯಿ, "ಮಂತ್ರ ಅವರು ಹೇಳ್ಲಿ, ನೀವು ಹೂವು, ಆರತಿ ನೋಡ್ಕೊಳ್ರೀ," ಅಂದಿದ್ದರು. ತಾವೇ ಕೂರಿಸಿಕೊಂಡು ಮಂತ್ರ ಕಲಿಸಿದ ತಮ್ಮನಿಗೆ ಹೂವು ಎತ್ತಿಡುವ ಆಳಾಗಬೇಕೆ! ಬೆಳಗಿನಿಂದ ಬಂಡುವಿನ ಹೊಟ್ಟೆ ಉರಿಯುತ್ತಿತ್ತು.

ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಮಂತ್ರ ಶುರುಮಾಡಿದರು. ಎರಡು ಸಾಲು ಮುಗಿಯುವಷ್ಟರಲ್ಲಿ ಮೊಬೈಲು ಮತ್ತೆ ಬಡಿದುಕೊಂಡಿತು. ಸಾವಿತ್ರೀಬಾಯಿಯೇ ಎತ್ತಿದರು. ಅತುಲ! ತಾವು ಗುಂಡಿಯತ್ತ ಹೆಬ್ಬೆರಳು ಚಾಚಿದ್ದನ್ನು ಇವನು ಪರದೆಯಲ್ಲಿ ಕಂಡಿರಲೇಬೇಕು ಎಂದು ಬಂಡುವಿಗೆ ಆಗ ಹೊಳೆಯಿತು.

"ಏನಾತ್ರೀ?" ಎಂದರು ಸಾವಿತ್ರೀಬಾಯಿ.

ಅತುಲ ಅಣ್ಣನನ್ನೇ ಒಂದು ಗಳಿಗೆ ನೋಡಿದ. "ನೆಟ್ ನನ್ನ ಕಡೀನ ಹೋಗಿತ್ರೀ, ಬಾಯಿ. ಇನ್ನ ಮುಂದಿಂದು ಅಣ್ಣಾನೇ ಹೇಳ್ಲಿ. ನಾ ಕೇಳ್ಕೋತ ಕೂಡ್ತೀನಿ."

ಬಂಡು ಬಾಯಿ ತೆರೆದರು. ಮುಂದಿನ ಸಾಲು ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.